ಹೊರಗಿನವರಿಗೆ ಫೋನ್ ಮಾಡುವ ಮೊದಲು

ಚಿ. ಸೋದರಳಿಯನಿಗೆ ಮಾವನ ಆಶೀರ್ವಾದಗಳು.

ಮಂಗಳೂರು ಬಳಿಯ ಬೈಕಂಪಾಡಿಯ ಫ್ಯಾಬ್ರಿಕೇಶನ್ ಯೂನಿಟ್ಟಿನಲ್ಲಿ ಕೆಲಸಕ್ಕೆ ಜನ ತೆಗೆದುಕೊಳ್ಳುವ ಜವಾಬ್ದಾರಿ ನಿನ್ನ ಹೆಗಲಿಗೆ ಬಂದದ್ದು ತಿಳಿದು ಸಂತೋಷವಾಯಿತು. ಸ್ಥಾವರ ನಿಲ್ಲಿಸಿ ರಿಪೇರಿ ಮಾಡುವ, ನಾಲ್ಕು ತಿಂಗಳಲ್ಲಿ ಬರುವ ಶಟ್‌ಡೌನ್ ಕೆಲಸಕ್ಕೆ 40 ವೆಲ್ಡರುಗಳು ಬೇಕು, ಲೇಬರ್ ಕಂಟ್ರಾಕ್ಟರ್ ಜಾರ್ಖಂಡಿನಿಂದ ಒಂದೇ ವಾರದಲ್ಲಿ ತಂದು ಇಳಿಸುತ್ತೇನೆ ಎನ್ನುತ್ತಾನೆ, ಇತ್ತ ಊರಿನ ಐಟಿಐ ಹುಡುಗರು ಕೆಲಸವಿಲ್ಲದೆ ಕೂತಿದ್ದಾರೆ, ಏನು ಮಾಡಲಿ ಎಂದು ಕೇಳಿದ್ದೀ. ಊರಿನವರಿಗೇ ಮೊದಲ ಅವಕಾಶ ಕೊಡು. ಆದರೆ ಗೇಟಿನಲ್ಲಿ ಬೋರ್ಡು ಹಾಕಿದರೆ ಅದು ಆಗುವುದಿಲ್ಲ. ಹುಡುಕಬೇಕು, ಸರಿಯಾಗಿ ಪರೀಕ್ಷೆ ಮಾಡಬೇಕು, ಕಡಿಮೆ ಬಿದ್ದದ್ದನ್ನು ಕಲಿಸಬೇಕು. ನಾಲ್ಕು ತಿಂಗಳು ಇರುವಾಗ ಇದೆಲ್ಲ ಮಾಡಬಹುದು. ನಾಲ್ಕು ವಾರ ಉಳಿದ ಮೇಲೆ ಕಂಟ್ರಾಕ್ಟರ್ ಹೇಳಿದ್ದೇ ವೇದವಾಗುತ್ತದೆ.

ಮೊದಲು ಆ 40 ಎಂಬ ಲೆಕ್ಕವನ್ನೇ ನಂಬಬೇಡ. ಪ್ಲಾನಿಂಗಿನವರು ಸಾಮಾನ್ಯವಾಗಿ "6ಜಿ ವೆಲ್ಡರ್, ರಿಫೈನರಿಯಲ್ಲಿ ಐದು ವರ್ಷದ ಅನುಭವ, 40 ಜನ" ಎಂದು ಒಂದೇ ಸಾಲಿನಲ್ಲಿ ಬರೆದು ಕಳಿಸುತ್ತಾರೆ. 2ಜಿ, 3ಜಿ ಎಂಬುವು ವೆಲ್ಡ್ ಮಾಡುವ ಪೊಸಿಶನ್ನುಗಳ ಹೆಸರು, 6ಜಿ ಅವುಗಳಲ್ಲಿ ಕಷ್ಟದ್ದು. ಆ ಸಾಲಿಗೆ ಊರಿನಲ್ಲಿ ಯಾರೂ ಹೊಂದುವುದಿಲ್ಲ, ಆಮೇಲೆ "ಲೋಕಲ್‌ನಲ್ಲಿ ಜನವೇ ಇಲ್ಲ" ಎಂದು ಫೈಲಿನಲ್ಲಿ ಷರಾ ಬೀಳುತ್ತದೆ. ನೀನು ಜಾಯಿಂಟ್ ಲಿಸ್ಟ್, ಅಂದರೆ ಮಾಡಬೇಕಾದ ಒಂದೊಂದು ಬೆಸುಗೆಯ ಪಟ್ಟಿ, ತರಿಸಿಕೋ. ಪ್ರತಿ ಜಾಯಿಂಟಿನ ಎದುರು ಮೆಟೀರಿಯಲ್ ಯಾವುದು, ಪೈಪಿನ ಅಳತೆ ಎಷ್ಟು, ಯಾವ ಪೊಸಿಶನ್, ರೇಡಿಯೋಗ್ರಫಿ (ಎಕ್ಸ್-ರೇ ಪರೀಕ್ಷೆ) ಉಂಟೋ ಇಲ್ಲವೋ ಎಂದು ನೋಡು. ಸಪೋರ್ಟು, ಪ್ಲಾಟ್‌ಫಾರ್ಮು, ಹ್ಯಾಂಡ್‌ರೈಲು, ಏಣಿ, ಇವೆಲ್ಲ ಪ್ಲೇಟ್ ಮತ್ತು ಆ್ಯಂಗಲ್ ಕೆಲಸ. 3ಜಿ (ಲಂಬವಾದ ವೆಲ್ಡ್), 4ಜಿ (ತಲೆಯ ಮೇಲಿನ ವೆಲ್ಡ್) ಬರುವವನು ಸಾಕು. ಪೈಪನ್ನು 45 ಡಿಗ್ರಿಗೆ ಓರೆ ಕಟ್ಟಿ, ತಿರುಗಿಸದೆ ಸುತ್ತಲೂ ವೆಲ್ಡ್ ಮಾಡುವ 6ಜಿ ಕೈ ಬೇಕಾಗುವುದು ಪ್ರೆಶರ್ ಲೈನಿಗೆ ಮಾತ್ರ. ಇನ್ನು ಪಿ91ರಂಥ ಅಲಾಯ್ (ಮಿಶ್ರಲೋಹದ ಉಕ್ಕಿನ) ಲೈನ್ ಇದ್ದರೆ ಅದು ಬೇರೆಯೇ ವಿಷಯ: ವೆಲ್ಡಿಗೆ ಮೊದಲು 200 ಡಿಗ್ರಿಯ ಮೇಲೆ ಪ್ರೀಹೀಟ್, ಮುಗಿದ ಮೇಲೆ 750 ಡಿಗ್ರಿ ಆಸುಪಾಸಿನ ಹೀಟ್ ಟ್ರೀಟ್‌ಮೆಂಟ್, ಒಂದು ಕಡೆ ತಪ್ಪಿದರೂ ಜಾಯಿಂಟ್ ಬಿರಿಯುತ್ತದೆ. ಅಲ್ಲಿ ಹೊಸಬರನ್ನು ನಿಲ್ಲಿಸಿ ಪ್ರಯೋಗ ಮಾಡಬೇಡ. ಹೀಗೆ ಮೂರು ಪಾಲು ಮಾಡಿದರೆ, ಹೊರಗಿನಿಂದ ತರಿಸಲೇಬೇಕಾದವರ ಸಂಖ್ಯೆ 40ಕ್ಕಿಂತ ಬಹಳ ಕೆಳಗೆ ಇಳಿಯುವುದನ್ನು ನೀನೇ ನೋಡುವಿ.

ಹುಡುಕುವ ಕೆಲಸ ಪತ್ರಿಕೆಯಲ್ಲಿ ಒಂದು ಜಾಹೀರಾತು ಹಾಕಿದರೆ ಮುಗಿಯುವುದಿಲ್ಲ. ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಗೆ ಹುದ್ದೆಯ ವಿವರ ಬರೆದು ಕಳಿಸು. 1959ರ ಕಾಯ್ದೆಯ ಕಾಲದಿಂದಲೂ ಹುದ್ದೆ ತಿಳಿಸುವುದು ಮಾತ್ರ ಕಡ್ಡಾಯ, ಅವರು ಕಳಿಸಿದವರನ್ನೇ ತೆಗೆದುಕೊಳ್ಳಬೇಕೆಂದಿಲ್ಲ. ಹಾಗಾಗಿ ಹೆದರುವ ಕಾರಣವಿಲ್ಲ. ಕದ್ರಿಯ ಸರ್ಕಾರಿ ಐಟಿಐ, ಕೆಪಿಟಿ (ಕರ್ನಾಟಕ ಪಾಲಿಟೆಕ್ನಿಕ್), ಬೈಕಂಪಾಡಿಯಲ್ಲೇ ಇರುವ ಜಿಟಿಟಿಸಿ (ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರ), ಈ ಮೂರೂ ಕಡೆ ನೀನೇ ಹೋಗಿ ಟ್ರೇನಿಂಗ್ ಆಫೀಸರರನ್ನು ಮಾತಾಡಿಸು. ಈ ವರ್ಷ ಪಾಸಾದವರಷ್ಟೇ ಸಾಲದು, ಹಿಂದಿನ ಮೂರು ವರ್ಷದವರ ಪಟ್ಟಿಯನ್ನೂ ಕೇಳು. ಮಲ್ಪೆ ಮತ್ತು ಬೆಂಗ್ರೆ ಕಡೆ ಸ್ಟೀಲ್ ಬೋಟುಗಳಿಗೆ ವೆಲ್ಡಿಂಗ್ ಮಾಡುವವರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ತಲೆಯ ಮೇಲಿನ ವೆಲ್ಡ್ ಅವರಿಗೆ ದಿನನಿತ್ಯದ ಕೆಲಸ, ಸರ್ಟಿಫಿಕೇಟು ಮಾತ್ರ ಇಲ್ಲ. ಆದರೆ ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ನಿಷೇಧದ 61 ದಿನ ಬೋಟು ರಿಪೇರಿಯ ಸಮಯ, ಆಗ ಅವರನ್ನು ಕರೆದರೆ ಬರಲಾರರು. ಕರೆಯುವುದಾದರೆ ಆಗಸ್ಟ್ ಮೇಲೆ ಕರೆ.

ಗಲ್ಫಿನಿಂದ ವಾಪಸು ಬಂದವರ ಕಡೆಗೂ ಒಂದು ಕಣ್ಣಿರಲಿ. ಅವರ ಹತ್ತಿರ ಹಳೆಯ ಸರ್ಟಿಫಿಕೇಟ್ ಇರುತ್ತದೆ, ಇನ್‌ಸ್ಪೆಕ್ಟರ್ ಅದನ್ನು ನೋಡಿ ತಳ್ಳಿಬಿಡುತ್ತಾನೆ. ಎಎಸ್‌ಎಂಇ ಸೆಕ್ಷನ್ 9ರ (ಅಮೆರಿಕದ ಎಂಜಿನಿಯರುಗಳ ಸಂಘದ ವೆಲ್ಡಿಂಗ್ ನಿಯಮ) ಪ್ರಕಾರ ಒಂದು ಪ್ರೊಸೆಸ್ಸಿನಲ್ಲಿ ಆರು ತಿಂಗಳು ವೆಲ್ಡ್ ಮಾಡದಿದ್ದರೆ ಅರ್ಹತೆ ಬಿದ್ದುಹೋಗುತ್ತದೆ, ನಿಜ. ಆದರೆ ಒಂದು ಟೆಸ್ಟ್ ಪೀಸ್ ಮಾಡಿಸಿ ಪಾಸಾದರೆ ಅದೇ ಅರ್ಹತೆ ಮತ್ತೆ ಜೀವ ಪಡೆಯುತ್ತದೆ. ಕಾಗದ ಹಳತಾಗಿದೆ ಎಂದ ಮಾತ್ರಕ್ಕೆ ಕೈ ಹಳತಾಗಿಲ್ಲ.

ಇನ್ನು ಟ್ರೇಡ್ ಟೆಸ್ಟ್, ಅಂದರೆ ವೆಲ್ಡ್ ಮಾಡಿಸಿ ನೋಡುವ ಪರೀಕ್ಷೆ. ಊರಿನ ಹುಡುಗರು ಸೋಲುವುದು ಹೆಚ್ಚಾಗಿ ಇಲ್ಲಿಯೇ, ಮತ್ತು ಎಲ್ಲ ಸಲ ತಪ್ಪು ಅವರದ್ದಾಗಿರುವುದಿಲ್ಲ. 7018 ಎಂಬ ವೆಲ್ಡಿಂಗ್ ರಾಡು ತೇವ ಹೀರುವಂಥದ್ದು. ನಮ್ಮ ಕರಾವಳಿಯ ಗಾಳಿಯಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಪ್ಯಾಕೆಟ್ ಒಡೆದಿಟ್ಟ ರಾಡು ನೇರ ಕೊಟ್ಟರೆ ಯಾರು ಹಿಡಿದರೂ ವೆಲ್ಡಿನೊಳಗೆ ಗುಳ್ಳೆ ಬೀಳುತ್ತದೆ. 300ರಿಂದ 350 ಡಿಗ್ರಿಯಲ್ಲಿ ಒಂದೆರಡು ಗಂಟೆ ಬೇಕ್ ಮಾಡಿ, ಪೋರ್ಟೆಬಲ್ ಓವನ್ನಿನಲ್ಲಿ ಬಿಸಿಯಾಗಿಯೇ ಇಟ್ಟು, ಒಂದೊಂದಾಗಿ ಕೊಡಬೇಕು. ಪೈಪಿನ ಅಂಚು 37.5 ಡಿಗ್ರಿಗೆ ಕೆತ್ತಿರಬೇಕು, ಗ್ಯಾಪ್ 2.5ರಿಂದ 3 ಎಂಎಂ ಇರಬೇಕು. ಗ್ಯಾಪ್ ಕಿರಿದಾದರೆ ರೂಟ್ (ಬೆಸುಗೆಯ ಮೊದಲ ಪದರ) ಒಳಗೆ ಇಳಿಯುವುದಿಲ್ಲ, ಅದಕ್ಕೆ ಹುಡುಗ ಹೊಣೆಯಲ್ಲ, ಪೀಸ್ ಫಿಟ್ ಮಾಡಿದವ ಹೊಣೆ. ಮಧ್ಯಾಹ್ನದ ಮೇಲೆ ಪಣಂಬೂರು ಕಡೆಯಿಂದ ಸಮುದ್ರದ ಗಾಳಿ ಏಳುತ್ತದಲ್ಲ, ಅದು ಟಿಗ್‌ನ ಬೆಸುಗೆಗೆ ರಕ್ಷಣೆ ಕೊಡುವ ಆರ್ಗಾನ್ ಅನಿಲವನ್ನು ಹಾರಿಸಿಕೊಂಡು ಹೋಗುತ್ತದೆ. ಟೆಸ್ಟ್ ಬೆಳಿಗ್ಗೆ ಇಡು, ಮೂರು ಬದಿ ಟಾರ್ಪಾಲು ಕಟ್ಟಿಸು. ಕಂಟ್ರಾಕ್ಟರ್ ಕಡೆಯ ಜನರಿಗೂ ಅದೇ ರಾಡು, ಅದೇ ಪೈಪು, ಅದೇ ಹೊತ್ತು. ಫಲಿತಾಂಶವನ್ನು ನೋಟಿಸ್ ಬೋರ್ಡಿಗೆ ಹಾಕು. ಶಿಫಾರಸು ಚೀಟಿ ಹಿಡಿದು ಬರುವವರು ಇದ್ದೇ ಇರುತ್ತಾರೆ. ಬೋರ್ಡು ತೋರಿಸಿ ಕೈ ಮುಗಿ.

ಫೇಲಾದವರ ಪೀಸನ್ನು ಬಿಸಾಡಬೇಡ. ಅಡ್ಡ ಕತ್ತರಿಸಿ ನೋಡಿದರೆ ಯಾವನಿಗೆ ಎಷ್ಟು ದಿನ ಕಲಿಸಬೇಕೆಂದು ಅದೇ ಹೇಳುತ್ತದೆ. ಗಡಿಯಾರದ ಆರು ಗಂಟೆಯ ಜಾಗದಲ್ಲಿ ರೂಟ್ ಒಳಕ್ಕೆ ಎಳೆದುಕೊಂಡು ಕುಳಿ ಬಿದ್ದಿದ್ದರೆ ಅವನಿಗೆ ಕೆಳಗಿನಿಂದ ಫಿಲ್ಲರ್ ಕೊಡುವ ಅಭ್ಯಾಸವಿಲ್ಲ. ಅಂಚಿನಲ್ಲಿ ಗೀರಿದಂತೆ ಅಂಡರ್‌ಕಟ್ ಇದ್ದರೆ ಕರೆಂಟ್ ಹೆಚ್ಚು ಇಟ್ಟಿದ್ದಾನೆ. ಪದರದ ನಡುವೆ ಸ್ಲ್ಯಾಗ್ (ರಾಡಿನ ಲೇಪ ಕರಗಿ ಉಳಿದ ಕಿಟ್ಟ) ಸಿಕ್ಕಿದ್ದರೆ ಅವಸರ ಮಾಡಿ ಗ್ರೈಂಡಿಂಗ್ ಬಿಟ್ಟಿದ್ದಾನೆ, ಅದು ಒಂದು ವಾರದಲ್ಲಿ ಸರಿಹೋಗುವ ದೋಷ. ಐಟಿಐಯ ವೆಲ್ಡರ್ ಕೋರ್ಸ್ ಒಂದೇ ವರ್ಷದ್ದು, ಪೈಪಿನ ಮೇಲೆ ಕೈ ಆಡಿಸಲು ಸಿಗುವುದು ಕಡಿಮೆ. ಪ್ಲೇಟ್ ಚೆನ್ನಾಗಿ ಮಾಡುವ ಹುಡುಗನಿಗೆ ಎಂಟು ವಾರ ಕೊಡು. ಎರಡು ವಾರ ಅಂಚು ಕೆತ್ತುವುದು ಮತ್ತು ಪೈಪು ತಿರುಗಿಸಿಕೊಂಡು ಬರೀ ರೂಟ್ ಹಾಕುವುದು, ಆಮೇಲೆ 2ಜಿ (ನೆಟ್ಟಗೆ ನಿಲ್ಲಿಸಿದ ಪೈಪು), ಆಮೇಲೆ 5ಜಿ (ಅಡ್ಡ ಮಲಗಿಸಿ, ತಿರುಗಿಸದ ಪೈಪು), ಕೊನೆಯ ಎರಡು ವಾರ 6ಜಿ. ಯಾರ್ಡಿನಲ್ಲಿ ಬಿದ್ದಿರುವ ತುಂಡು ಪೈಪುಗಳೇ ಸಾಕು, 150 ಎಂಎಂನ ಎರಡು ತುಂಡು ಒಬ್ಬನಿಗೆ ಒಂದು ಜಾಯಿಂಟ್. ಖರ್ಚಾಗುವುದು ಆರ್ಗಾನ್, ರಾಡು ಮತ್ತು ಕಲಿಸುವವನ ಸಂಬಳ. 30 ಅಥವಾ ಹೆಚ್ಚು ಜನರಿರುವ ಯೂನಿಟ್ಟಿನಲ್ಲಿ ಕಂಟ್ರಾಕ್ಟಿನವರೂ ಸೇರಿ ಒಟ್ಟು ಜನರ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ಹೇಗೂ ಇಟ್ಟುಕೊಳ್ಳಲೇಬೇಕು. ಆ ಜಾಗಗಳನ್ನು ಆಫೀಸಿನಲ್ಲಿ ಫೈಲ್ ಹೊರುವವರಿಂದ ತುಂಬಿಸದೆ ಈ ಹುಡುಗರಿಗೆ ಕೊಡು. ಸ್ಟೈಪೆಂಡಿನ ಕಾಲು ಭಾಗ, ತಿಂಗಳಿಗೆ 1500 ರೂಪಾಯಿಯ ತನಕ, ಎನ್‌ಎಪಿಎಸ್ (ರಾಷ್ಟ್ರೀಯ ಅಪ್ರೆಂಟಿಸ್ ಪ್ರೋತ್ಸಾಹ) ಯೋಜನೆಯಲ್ಲಿ ಕೇಂದ್ರ ಸರ್ಕಾರವೇ ಭರಿಸುತ್ತದೆ.

"ಹೊರಗಿನವರು ಅಗ್ಗ" ಎಂದು ಕಂಟ್ರಾಕ್ಟರ್ ಕೊಟ್ಟ ದರಪಟ್ಟಿ ಬರೆದಿದ್ದೀ. ಆ ಅಗ್ಗ ಎಲ್ಲಿಂದ ಬಂತು ಎಂದು ಬಿಡಿಸಿ ನೋಡು. ಹನ್ನೆರಡು ಗಂಟೆ ದುಡಿಸಿ ಓವರ್‌ಟೈಮನ್ನು ಸಿಂಗಲ್ ರೇಟಿನಲ್ಲಿ ಕೊಡುತ್ತಾನೆ, ಕಾನೂನು ಹೇಳುವುದು ಎರಡು ಪಟ್ಟು. ಒಂದು ರೂಮಿನಲ್ಲಿ ಹತ್ತು ಜನರನ್ನು ಮಲಗಿಸುತ್ತಾನೆ. ಪಿಎಫ್, ಇಎಸ್‌ಐ ಅರ್ಧ ಜನರಿಗೆ ಕಟ್ಟುವುದಿಲ್ಲ. ಇವನ್ನೆಲ್ಲ ಸರಿಯಾಗಿ ಸೇರಿಸಿ, ರೈಲು ಖರ್ಚು ಮತ್ತು ಅವನ ಕಮಿಷನ್ನನ್ನೂ ಕೂಡಿಸಿದರೆ ಸುರತ್ಕಲ್ಲಿನ ಹುಡುಗ ದುಬಾರಿಯಲ್ಲ. ಒಂದೇ ಕೆಲಸಕ್ಕೆ ಊರಿನವನಿಗಿಂತ ಕಡಿಮೆ ಕೂಲಿ ಕೊಡಕೂಡದು ಎಂದು 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಅದು ವಲಸೆ ಬಂದವನನ್ನು ಕಾಪಾಡಿದಷ್ಟೇ ನಮ್ಮ ಹುಡುಗನನ್ನೂ ಕಾಪಾಡುವ ಮಾತು. ಕೂಲಿ ಸಮ ಮಾಡಿದ ದಿನ ಕಂಟ್ರಾಕ್ಟರಿಗೆ ಹೊರಗಿನಿಂದಲೇ ತರಿಸುವ ಆಸೆ ಅರ್ಧ ಇಳಿಯುತ್ತದೆ.

ಊರಿನವರ ಮೇಲಿನ ದೂರು ಕೂಡ ಪೂರ್ತಿ ಸುಳ್ಳಲ್ಲ. ಕೋಲ, ನೇಮ, ಮದುವೆ, ಜಾತ್ರೆ ಎಂದು ರಜೆ ಹಾಕುತ್ತಾರೆ, ಹೇಳದೆಯೂ ಹಾಕುತ್ತಾರೆ. ಅದನ್ನು ಬೈದು ಪ್ರಯೋಜನವಿಲ್ಲ, ಲೆಕ್ಕದಲ್ಲಿ ಸೇರಿಸಿಕೋ. ಕೆಲಸಕ್ಕೆ ಸೇರುವ ದಿನವೇ ಅವರವರ ಮನೆಯ, ಗರಡಿಯ, ದೈವಸ್ಥಾನದ ದಿನಗಳನ್ನು ಬರೆಸಿಕೊಂಡು ಒಂದು ಕ್ಯಾಲೆಂಡರ್ ಮಾಡು. ಒಂದೇ ಊರಿನ ಎಲ್ಲರನ್ನೂ ಒಂದೇ ಗ್ಯಾಂಗಿಗೆ ಹಾಕಬೇಡ, ಹಾಕಿದರೆ ನೇಮದ ದಿನ ಗ್ಯಾಂಗೇ ಖಾಲಿ. ಹತ್ತಕ್ಕೆ ಒಬ್ಬ ಹೆಚ್ಚು ಇಟ್ಟುಕೋ. ಪತ್ತನಾಜೆ, ಅಂದರೆ ಮೇ ಕೊನೆಯ ಹೊತ್ತಿಗೆ ಕೋಲ-ನೇಮಗಳು ನಿಲ್ಲುವ ದಿನ, ಕಳೆದ ಮೇಲೆ ಈ ತೊಂದರೆ ಬಹುಪಾಲು ಇರುವುದಿಲ್ಲ.

ಕಾನೂನಿನ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಕನ್ನಡಿಗರಿಗೆ ಉದ್ಯೋಗ ಕೊಡುವ ಬಗ್ಗೆ ಸರೋಜಿನಿ ಮಹಿಷಿ ಸಮಿತಿಯ ವರದಿ 1986ರಲ್ಲೇ ಬಂತು. ಖಾಸಗಿ ಕಂಪನಿಗಳಲ್ಲಿ ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಸ್ಥಳೀಯರಿಗೆ ಎಂಬ ಮಸೂದೆಯನ್ನು ನಮ್ಮ ಸರ್ಕಾರ 2024ರ ಜುಲೈಯಲ್ಲಿ ಸಂಪುಟದಲ್ಲಿ ಒಪ್ಪಿ, ಅದೇ ವಾರ ತಡೆಹಿಡಿಯಿತು. ಹರಿಯಾಣದ ಶೇ. 75ರ ಕಾಯ್ದೆಯನ್ನು ಅಲ್ಲಿನ ಹೈಕೋರ್ಟ್ 2023ರ ನವೆಂಬರಿನಲ್ಲಿ ರದ್ದು ಮಾಡಿತು. ಹಾಗಾಗಿ ಕಾಯ್ದೆ ಬಂದು ನಿನ್ನ ಕೆಲಸ ಮಾಡಿಕೊಡುತ್ತದೆ ಎಂದು ಕಾಯಬೇಡ. ಆದರೆ ನಿಮ್ಮ ಯೂನಿಟ್ ಕೈಗಾರಿಕಾ ನೀತಿಯಡಿ ರಿಯಾಯಿತಿ ಪಡೆದಿದ್ದರೆ ಮಂಜೂರಾತಿ ಪತ್ರ ತೆಗೆದು ಓದು, ಕನ್ನಡಿಗರಿಗೆ ಇಷ್ಟು ಉದ್ಯೋಗ ಎಂಬ ಷರತ್ತು ಅದರಲ್ಲಿ ಇರುತ್ತದೆ. ಷರತ್ತು ಇದೆ ಎಂದು ಮಸ್ಟರಿನಲ್ಲಿ ಸುಮ್ಮನೆ ಹೆಸರು ತುಂಬಿಸುವ ಕೆಲಸಕ್ಕೆ ಮಾತ್ರ ಹೋಗಬೇಡ. ಸೌದಿಯಲ್ಲಿ 2011ರಲ್ಲಿ ನಿತಾಕತ್, ಅಂದರೆ ಎಷ್ಟು ಸ್ಥಳೀಯರಿದ್ದಾರೆ ಎಂದು ನೋಡಿ ಕಂಪನಿಗೆ ಬಣ್ಣದ ದರ್ಜೆ ಕೊಡುವ ನಿಯಮ, ಬಂದಾಗ ಎಷ್ಟೋ ಕಂಪನಿಗಳು ಮಾಡಿದ್ದು ಅದನ್ನೇ: ಬಣ್ಣ ಹಸಿರಾಗಲೆಂದು ಸ್ಥಳೀಯರ ಹೆಸರು ಬರೆದು ಮನೆಯಲ್ಲಿ ಕೂರಿಸಿ ಸಂಬಳ ಕೊಟ್ಟವು. ಕೂತವನಿಗೆ ಕೆಲಸ ಬರಲಿಲ್ಲ. ಆ ನಿಯಮದ ಬಿಸಿ ನಮ್ಮ ಕರಾವಳಿಯ ಮನೆಗಳಿಗೂ ತಟ್ಟಿದೆ, ಅದನ್ನು ನೆನಪಿಟ್ಟುಕೊಂಡೇ ಹೊರಗಿನಿಂದ ಬಂದವರ ಜೊತೆ ಮಾತಾಡು. ಮುಂಬೈಯ ಹೋಟೆಲುಗಳಲ್ಲಿ, ದುಬೈಯ ಸೈಟುಗಳಲ್ಲಿ ನಮ್ಮವರೂ ಹಾಗೇ ನಿಂತವರು.

ಅಲಾಯ್ ಲೈನಿಗೆ ಬೇಕಾದ ಕೆಲವರನ್ನು ತರಿಸುವಾಗ ಕಂಟ್ರಾಕ್ಟಿನಲ್ಲಿ ಒಂದು ಷರತ್ತು ಬರೆಸು: ಹೊರಗಿನ ಒಬ್ಬ ವೆಲ್ಡರಿನ ಜೊತೆ ಊರಿನ ಇಬ್ಬರು, ಒಬ್ಬ ಗ್ರೈಂಡಿಂಗಿಗೆ, ಒಬ್ಬ ಪ್ರೀಹೀಟ್ ಮತ್ತು ಟೆಂಪರೇಚರ್ ಬರೆಯುವುದಕ್ಕೆ. ಕಲಿಸುವವನಿಗೆ ತಿಂಗಳಿಗೆ ಇಷ್ಟೆಂದು ಬೇರೆ ಭತ್ಯೆ ಕೊಡು, ಅದನ್ನು ಕಂಟ್ರಾಕ್ಟರ್ ಕೈಗೆ ಕೊಡದೆ ಅವನ ಖಾತೆಗೇ ಹಾಕು. ತನ್ನ ಕೆಲಸವೇ ಹೋಗುತ್ತದೆ ಎಂಬ ಭಯವಿದ್ದರೆ ಯಾರೂ ಕಲಿಸುವುದಿಲ್ಲ, ಆದ್ದರಿಂದ ಮುಂದಿನ ಶಟ್‌ಡೌನಿಗೂ ಅವನಿಗೆ ಕೆಲಸ ಉಂಟೆಂದು ಕಾಗದದಲ್ಲೇ ಕೊಟ್ಟುಬಿಡು.

ಜಾಯಿಂಟ್ ಲಿಸ್ಟ್ ಕೈಗೆ ಬಂದ ಕೂಡಲೇ ಒಂದು ಪ್ರತಿ ನನಗೂ ಕಳಿಸು. ಮೂರು ಪಾಲು ಮಾಡುವಾಗ ಸಂದೇಹ ಬಂದ ಸಾಲುಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿಡು, ಕೂತು ನೋಡುವ. ಅಕ್ಕನಿಗೆ ನಮಸ್ಕಾರ ತಿಳಿಸು.

ಇತಿ,
ನಿನ್ನ ಮಾವ