ಈ ವಾರದ ಚರ್ಚೆ: ಆರ್ಸೆನಲ್ ಮಹಿಳೆಯರ ತಂಡ

ಎಲ್ಲರಿಗೂ ನಮಸ್ಕಾರ. ಈ ವಾರ ಲಂಡನ್ನಿನ ಆರ್ಸೆನಲ್ ಮಹಿಳೆಯರ ಫುಟ್‌ಬಾಲ್ ತಂಡದ ಬಗ್ಗೆ ಮಾತಾಡೋಣ. ‘ದೊಡ್ಡ ಕ್ಲಬ್ಬು, ದುಡ್ಡಿತ್ತು, ಗೆದ್ದರು’ ಅಂತ ಸುಮ್ನೆ ಬರೆದು ಮುಗಿಸಬೇಡಿ.

1987ರಲ್ಲಿ ತಂಡ ಕಟ್ಟಿದ ವಿಕ್ ಏಕರ್ಸ್ ಗಂಡಸರ ತಂಡದ ಜೆರ್ಸಿ, ಬೂಟುಗಳನ್ನೂ ನೋಡಿಕೊಳ್ಳುತ್ತಿದ್ದರು. ಆಟಗಾರ್ತಿಯರಿಗೂ ಆಟವೊಂದರಿಂದಲೇ ಹೊಟ್ಟೆ ತುಂಬುತ್ತಿರಲಿಲ್ಲ. ತಂಡದ ಆಟಗಾರ್ತಿ ಅಲೆಕ್ಸ್ ಸ್ಕಾಟ್ ಕ್ಲಬ್ಬಿನ ಲಾಂಡ್ರಿಯಲ್ಲಿ ಗಂಡಸರ ತಂಡದ ಬಟ್ಟೆ ಒಗೆಯುತ್ತಿದ್ದರು. 2007ರ ಯುರೋಪಿಯನ್ ಫೈನಲ್‌ನಲ್ಲಿ ಸ್ವೀಡನ್ನಿನ ಉಮೆಯೊ ವಿರುದ್ಧ ಎರಡು ಪಂದ್ಯ ಸೇರಿ ಬಂದದ್ದು ಒಂದೇ ಗೋಲು. ಹೊಡೆದವರು ಇದೇ ಸ್ಕಾಟ್!

2025ರಲ್ಲಿ ಲಿಸ್ಬನ್ನಿನಲ್ಲಿ ಬಾರ್ಸಿಲೋನಾವನ್ನು 1-0 ಗೋಲಿನಿಂದ ಸೋಲಿಸಿ ಮತ್ತೆ ಕಪ್ ಗೆದ್ದರು. ನನಗೆ ಜಾಸ್ತಿ ಇಷ್ಟ ಆ ಹಳೆಯ ಗೆಲುವೇ, ನಿಮಗೆ?

ಭಾನುವಾರ ರಾತ್ರಿಯೊಳಗೆ ಬರೆಯಿರಿ. ಫಾರ್ವರ್ಡ್ ಬೇಡ. ವಾಯ್ಸ್ ಮೆಸೇಜ್ ಆದರೆ ಚಿಕ್ಕದಾಗಿರಲಿ.