ಆ ಡಬ್ಬಿ ತರಿಸುವ ಮೊದಲು ಇಷ್ಟು ಓದು, ಮಗಳೇ

ಗಂಗಾವತಿ
ಭಾನುವಾರ ಬೆಳಿಗ್ಗೆ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ನಾವಿಲ್ಲಿ ಆರಾಮ ಇದ್ದೇವೆ. ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಹೇಳಿದ್ದನ್ನೆಲ್ಲ ನಿಮ್ಮವ್ವ ನನಗೆ ಹೇಳಿದಳು. ಆಫೀಸಿನವರೊಬ್ಬರು ಸೊಪ್ಪು, ತರಕಾರಿ, ಹಣ್ಣು ಒಣಗಿಸಿ ಮಾಡಿದ ಪುಡಿಯ ಡಬ್ಬಿ ತರಿಸಿಕೊಡುತ್ತಾರಂತೆ. ನಿನಗೆ, ಅಳಿಯಂದಿರಿಗೆ, ಮೊಮ್ಮಗಳಿಗೆ, ನಮ್ಮಿಬ್ಬರಿಗೂ ಸೇರಿ ಐದು ಡಬ್ಬಿ. ತಿಂಗಳಿಗೆ ಒಂಬತ್ತು ಸಾವಿರ. ಡಾಕ್ಟರ್ ಬರೆದ ಕಬ್ಬಿಣದ ಮಾತ್ರೆಯನ್ನು ‘ಅದು ಬರೀ ಕೆಮಿಕಲ್’ ಅಂತ ನಿಲ್ಲಿಸಿದ್ದೀಯಂತೆ. ದುಡ್ಡಿನ ಮಾತು ಇರಲಿ. ಮಾತ್ರೆ ನಿಲ್ಲಿಸಿದ್ದು ಕೇಳಿ ನನಗೆ ನಿದ್ದೆ ಬರಲಿಲ್ಲ. ಫೋನಿನಲ್ಲಿ ಹೇಳಿದರೆ ಅರ್ಧ ಹೇಳಿ ಅರ್ಧ ಮರೆಯುತ್ತೇನೆ. ಅದಕ್ಕೆ ಬರೆಯಲು ಕೂತೆ.

ನಿನಗೆ ಗೊತ್ತಿಲ್ಲದ ಒಂದು ವಿಷಯ ಮೊದಲು ಹೇಳುತ್ತೇನೆ. ನೀನು ಗಾಬರಿಯಾಗುತ್ತೀ ಅಂತ ಆಗ ಮುಚ್ಚಿಟ್ಟಿದ್ದೆವು.

ಎರಡು ವರ್ಷದ ಹಿಂದೆ ನನ್ನ ಎರಡೂ ಪಾದ ಜೋಮು ಹಿಡಿಯಲು ಶುರುವಾಯಿತು. ನಡೆದರೆ ಅರಳೆ ಮೇಲೆ ಕಾಲಿಟ್ಟ ಹಾಗೆ. ಚಪ್ಪಲಿ ಕಾಲಿನಿಂದ ಜಾರಿದ್ದೂ ತಿಳಿಯುತ್ತಿರಲಿಲ್ಲ. ನಾಲಿಗೆ ಕೆಂಪಾಗಿ ಉರಿಯುತ್ತಿತ್ತು, ನಿಮ್ಮವ್ವ ಮಾಡಿದ ಸಾರು ಖಾರ ಅಂತ ದಿನಾ ಬಯ್ಯುತ್ತಿದ್ದೆ. ಸಕ್ಕರೆ ಕಾಯಿಲೆ ಇದೆಯಲ್ಲ, ಅದರದೇ ತೊಂದರೆ ಅಂದುಕೊಂಡೆ. ಆಗ ಪರಿಚಯದವರೊಬ್ಬರು ಇಂಥದೇ ಒಂದು ಹಸಿರು ಪುಡಿ ಮನೆಗೆ ತಂದುಕೊಟ್ಟರು. ಇಪ್ಪತ್ತಕ್ಕಿಂತ ಜಾಸ್ತಿ ಸೊಪ್ಪು, ಕಾಳು, ಪಾಚಿ ಇದೆ, ಎಲ್ಲ ವಿಟಮಿನ್ ಪ್ರಕೃತಿಯಿಂದಲೇ, ನರಕ್ಕೆ ಬಹಳ ಒಳ್ಳೆಯದು ಅಂದರು. ಅವರು ನಂಬಿಯೇ ಹೇಳಿದ್ದರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಆರು ತಿಂಗಳು ಕುಡಿದೆ. ಜೋಮು ಪಾದದಿಂದ ಮೀನಖಂಡಕ್ಕೆ ಏರಿತು.

ಕೊನೆಗೆ ಬಳ್ಳಾರಿಗೆ ಹೋಗಿ ತೋರಿಸಿದೆ. ಅಲ್ಲಿನ ಡಾಕ್ಟರ್ ಎರಡೇ ಪ್ರಶ್ನೆ ಕೇಳಿದರು. ‘ಮೆಟ್‌ಫಾರ್ಮಿನ್ ಎಷ್ಟು ವರ್ಷದಿಂದ ತಗೋತಿದ್ದೀರಿ?’ ನನ್ನ ಸಕ್ಕರೆ ಕಾಯಿಲೆಯ ಮಾತ್ರೆ ಅದು, ಹನ್ನೊಂದು ವರ್ಷ. ‘ಮಾಂಸ, ಮೊಟ್ಟೆ?’ ಇಲ್ಲ. ರಕ್ತ ಪರೀಕ್ಷೆಗೆ ಬರೆದರು. ಬಿ12 ಅನ್ನುವ ವಿಟಮಿನ್ ತಳ ಹಿಡಿದಿತ್ತು. ಇಂಜೆಕ್ಷನ್ ಶುರು ಮಾಡಿದರು. ಎರಡು ವಾರದಲ್ಲಿ ನಾಲಿಗೆ ಉರಿ ಹೋಯಿತು. ಕಾಲು ನಿಧಾನಕ್ಕೆ ಸುಧಾರಿಸಿತು. ಆದರೆ ಎಡಗಾಲಿನ ಎರಡು ಬೆರಳಿಗೆ ಇವತ್ತಿಗೂ ಸ್ಪರ್ಶ ಇಲ್ಲ. ನರ ಜಾಸ್ತಿ ದಿನ ಸೊರಗಿದರೆ ಪೂರ್ತಿ ವಾಪಸ್ ಬರುವುದಿಲ್ಲ ಅಂದರು. ಆ ಆರು ತಿಂಗಳು ನಾನು ಕಳೆದುಕೊಂಡದ್ದು, ಮಗಳೇ.

ಆಮೇಲೆ ನಾನು ಇದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಬಿ12 ಯಾವ ಗಿಡದಲ್ಲೂ ಆಗುವುದಿಲ್ಲ. ಅದನ್ನು ಮಾಡುವುದು ಬ್ಯಾಕ್ಟೀರಿಯಾ ಮಾತ್ರ. ಎಮ್ಮೆಯ ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾ ಮಾಡುತ್ತದೆ, ಅದು ಹಾಲಿಗೆ ಬರುತ್ತದೆ. ನಮ್ಮಂಥ ಸಸ್ಯಾಹಾರಿಗಳಿಗೆ ಮನೆಯ ಊಟದಲ್ಲಿ ಹಾಲು ಮೊಸರು ಬಿಟ್ಟರೆ ಬೇರೆ ದಾರಿ ಇಲ್ಲವೆಂದೇ ಹೇಳಬೇಕು. ದಿನಕ್ಕೆ ಬೇಕಾಗುವುದು 2ರಿಂದ 2.5 ಮೈಕ್ರೊಗ್ರಾಂ. ಒಂದು ಗ್ರಾಂ ಅಂದರೆ 10 ಲಕ್ಷ ಮೈಕ್ರೊಗ್ರಾಂ, ಎಷ್ಟು ಸಣ್ಣದು ನೋಡು. ದೊಡ್ಡ ಲೋಟ ಹಾಲಿನಲ್ಲಿ ಸುಮಾರು 1 ಮೈಕ್ರೊಗ್ರಾಂ ಸಿಗುತ್ತದೆ. ನಾನು ಸಕ್ಕರೆ ಬಂತೆಂದು ಹಾಲು ಬಿಟ್ಟು ಬರೀ ಚಹಾಕ್ಕೆ ಇಳಿದಿದ್ದೆ. ಮೇಲೆ ಮೆಟ್‌ಫಾರ್ಮಿನ್ ಬಿ12 ಮೈಗೆ ಹತ್ತುವುದನ್ನೇ ಕಡಿಮೆ ಮಾಡುತ್ತದೆ. ಆ ಪುಡಿಯಲ್ಲಿದ್ದ ಸ್ಪಿರುಲಿನಾ ಪಾಚಿಯಲ್ಲಿ ಬಿ12 ಅಂತ ಬರೆದಿರುತ್ತಾರಲ್ಲ, ಅದರ ಬಹುಪಾಲು ಬಿ12ನ ಹಾಗೆ ಕಾಣುವ ಬೇರೆ ವಸ್ತು. ನಮ್ಮ ಮೈ ಅದನ್ನು ಬಳಸಲಾರದು. ಇನ್ನೊಂದು ಹೆದರಿಕೆಯ ಮಾತು: ಫೋಲಿಕ್ ಆಮ್ಲ ಅನ್ನುವ ಇನ್ನೊಂದು ಬಿ ವಿಟಮಿನ್ ಜಾಸ್ತಿ ಹೋಗುತ್ತಿದ್ದರೆ ಬಿ12 ಕೊರತೆಯ ರಕ್ತಹೀನತೆ ಮುಚ್ಚಿಹೋಗುತ್ತದೆ. ರಕ್ತ ಚೆನ್ನಾಗಿದೆ ಅಂತ ರಿಪೋರ್ಟ್ ಬರುತ್ತದೆ, ನರ ಮಾತ್ರ ಒಳಗೊಳಗೇ ಹಾಳಾಗುತ್ತದೆ.

ಹಾಗಂತ ಊಟ ಬಿಟ್ಟು ಮಾತ್ರೆ ನುಂಗು ಅಂತ ನಾನು ಹೇಳುತ್ತಿಲ್ಲ. ಮೂವತ್ತು ವರ್ಷ ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆದವನು ನಾನು. ವಿಟಮಿನ್ ಎಲ್ಲಿ ಹೋಗುತ್ತದೆ ಅಂತ ಕಣ್ಣಾರೆ ಕಂಡಿದ್ದೇನೆ. ಭತ್ತದ ಉಮಿ ತೆಗೆದಾಗ ಅಕ್ಕಿ ಕಂದು ಬಣ್ಣ ಇರುತ್ತದೆ. ಗಿರಾಕಿಗೆ ಮಲ್ಲಿಗೆಯಂಥ ಬಿಳಿ ಬೇಕು. ಪಾಲಿಶ್ ಹೊಡೆಯುತ್ತಾರೆ. ಆ ತೌಡು ಎಣ್ಣೆ ಮಿಲ್ಲಿಗೆ, ದನಕ್ಕೆ. ಬಿಳಿ ಅಕ್ಕಿ ನಮಗೆ. ಅಕ್ಕಿಯ ಬಿ1 ವಿಟಮಿನ್ ಇರುವುದು ಹೆಚ್ಚಾಗಿ ಆ ತೌಡಿನಲ್ಲಿ. ವಿಟಮಿನ್ನಿನ ಕಥೆ ಶುರುವಾದದ್ದೇ ಇಲ್ಲಿಂದ ಅಂತ ಓದಿದಾಗ ಮೈ ಜುಮ್ಮೆಂದಿತು. 1890ರ ದಶಕದಲ್ಲಿ ಜಾವಾದಲ್ಲಿ ಐಕ್‌ಮನ್ ಎಂಬ ಡಚ್ ಡಾಕ್ಟರ್, ಪಾಲಿಶ್ ಅಕ್ಕಿ ತಿಂದ ಕೋಳಿಗಳ ಕಾಲಿನ ಶಕ್ತಿ ಬಿದ್ದುಹೋಗುವುದನ್ನೂ, ತೌಡಿರುವ ಅಕ್ಕಿ ಕೊಟ್ಟರೆ ಎದ್ದು ಓಡಾಡುವುದನ್ನೂ ಕಂಡ. ‘ವಿಟಮಿನ್’ ಎಂಬ ಹೆಸರು ಹುಟ್ಟಿದ್ದು ಆಮೇಲೆ, 1912ರಲ್ಲಿ, ಕ್ಯಾಸಿಮಿರ್ ಫಂಕ್ ಅವರಿಂದ.

ನಿಮ್ಮ ಅಜ್ಜಿ ಕಾಲದಲ್ಲಿ ಈ ಕಡೆ ಅನ್ನ ಹಬ್ಬಕ್ಕೆ ಮಾತ್ರ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಊರೇ ಗದ್ದೆಯಾಯಿತು. ಅದಕ್ಕೆ ಮೊದಲು ಜೋಳ, ಸಜ್ಜೆ. ‘ಜೋಳದ ರೊಟ್ಟಿಯಲ್ಲಿ ಎಲ್ಲ ಇದೆ’ ಅಂತ ನಾನೂ ಎದೆ ತಟ್ಟಿ ಹೇಳುತ್ತಿದ್ದೆ. ಅದೂ ಪೂರ್ತಿ ನಿಜವಲ್ಲ. ದಖನ್ನಿನಲ್ಲಿ ಬರೀ ಜೋಳ ತಿಂದು ಬದುಕುವ ಬಡವರಲ್ಲಿ ಪೆಲಾಗ್ರಾ ಅನ್ನುವ ಕಾಯಿಲೆ ಇತ್ತು. ಬಿಸಿಲು ಬೀಳುವ ಕೈ, ಕುತ್ತಿಗೆಯ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಬುದ್ಧಿ ಮಂಕಾಗುವುದು. ನಿಯಾಸಿನ್ ಅನ್ನುವ ಬಿ ವಿಟಮಿನ್ ಸಾಲದೆ ಬರುವಂಥದ್ದು. ಹೈದರಾಬಾದಿನ ಗೋಪಾಲನ್ ಮತ್ತು ಶ್ರೀಕಂಠಯ್ಯ ಎಂಬ ಡಾಕ್ಟರುಗಳು 1960ರಲ್ಲಿ ಇದರ ಬಗ್ಗೆ ಬರೆದರು. ಜೋಳದಲ್ಲಿ ಲ್ಯೂಸಿನ್ ಎಂಬ ಅಂಶ ಜಾಸ್ತಿ ಇರುವುದೂ ಒಂದು ಕಾರಣ ಅನ್ನುವುದು ಅವರ ವಾದ. ಈಗ ನೋಡು, ನಿಯಾಸಿನ್ ಚೆನ್ನಾಗಿ ಇರುವ ಕಾಳು ಯಾವುದು? ಶೇಂಗಾ. ನಿಮ್ಮ ಅಜ್ಜಿ ರೊಟ್ಟಿಯ ಮೇಲೆ ಶೇಂಗಾ ಹಿಂಡಿ (ಚಟ್ನಿಪುಡಿ), ಗಡ್ಡೆ ಮೊಸರು ಹಾಕದೆ ಯಾರಿಗೂ ಕೊಡುತ್ತಿರಲಿಲ್ಲ. ಯಾವ ಪುಸ್ತಕವನ್ನೂ ಓದದ ಹೆಂಗಸು. ರೊಟ್ಟಿ ಒಂದೇ ಸಾಲದು, ಹಿಂಡಿ ಒಂದೇ ಸಾಲದು. ಜೊತೆಗೆ ಮಡಿಕೆ ಕಾಳು, ಪುಂಡಿ ಪಲ್ಯ, ಹಸಿ ಉಳ್ಳಾಗಡ್ಡಿ. ಆ ತಟ್ಟೆಯನ್ನು ಒಣಗಿಸಿ ಎರಡು ಚಮಚ ಪುಡಿಗೆ ಇಳಿಸಲು ಆಗುವುದಿಲ್ಲ, ಅಲ್ವಾ? ಎರಡು ಚಮಚ ಸೊಪ್ಪಿನ ಪುಡಿ ಅಂದರೆ ಎಷ್ಟಾದರೂ ಒಂದು ಹಿಡಿ ಸೊಪ್ಪು. ಆ ಒಂದು ಹಿಡಿಗೆ ನಿಮ್ಮ ಬೆಂಗಳೂರಿನ ಸಂತೆಯಲ್ಲೂ ಹತ್ತು ಹದಿನೈದು ರೂಪಾಯಿ ಮೀರದು.

ಡಬ್ಬಿಯ ಹಿಂದೆ ಸಣ್ಣ ಅಕ್ಷರ ಓದು. ನಾನು ನನ್ನ ಡಬ್ಬಿಯನ್ನು ಭೂತಗನ್ನಡಿ ಹಿಡಿದು ಓದಿದೆ. ಮುಂದೆ ಎಲೆಯ ಚಿತ್ರ. ಹಿಂದೆ ಆಸ್ಕಾರ್ಬಿಕ್ ಆಮ್ಲ ಅಂತ ಬೇರೆಯಾಗಿಯೇ ಬರೆದಿದ್ದರು. ಫ್ಯಾಕ್ಟರಿಯ ವಿಟಮಿನ್ ಸಿ ಅದು. ಪುಡಿಗೆ ಬೆರೆಸಿದ್ದಾರೆ. ಅದು ಮೋಸದ ವಸ್ತುವಲ್ಲ. ನೆಲ್ಲಿಕಾಯಿಯ ಸಿ, ಫ್ಯಾಕ್ಟರಿಯ ಸಿ, ಎರಡರ ಅಣುವೂ ಒಂದೇ. ಆದರೆ ‘ಮಾತ್ರೆ ಕೆಮಿಕಲ್, ನಮ್ಮದು ಸೊಪ್ಪು’ ಅಂತ ಹೇಳಿ ಹತ್ತು ಪಟ್ಟು ಬೆಲೆಗೆ ಅದನ್ನೇ ಕೊಡುವುದು ನ್ಯಾಯವಲ್ಲ. ‘ಔಷಧಿಯಾಗಿ ಬಳಸಲು ಅಲ್ಲ’ ಅಂತಲೂ ಅಲ್ಲೇ ಇರುತ್ತದೆ. ಇಂಥ ಡಬ್ಬಿಗಳ ಮೇಲೆ ಹಾಗೆ ಬರೆಯಲೇಬೇಕು ಅಂತ ಆಹಾರ ಸುರಕ್ಷತೆಯ ನಿಯಮವೇ ಇದೆ. ಮಾರುವವರು ಮಾತ್ರ ಸಕ್ಕರೆ, ಬಿಪಿ, ಮಂಡಿನೋವು ಎಲ್ಲಕ್ಕೂ ಇದೇ ಅನ್ನುತ್ತಾರೆ.

ಮಾತ್ರೆಯನ್ನೂ ನಾನು ಕಣ್ಣು ಮುಚ್ಚಿ ಹೊಗಳುವುದಿಲ್ಲ. ಗಜ್ಜರಿ, ಸೊಪ್ಪು ತಿನ್ನುವವರಿಗೆ ಕ್ಯಾನ್ಸರ್ ಕಡಿಮೆ ಕಂಡಿತೆಂದು, ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ ಸುಮಾರು 29,000 ಗಂಡಸರನ್ನು ಸೇರಿಸಿ, ಕೆಲವರಿಗೆ ಗಜ್ಜರಿಗೆ ಬಣ್ಣ ಕೊಡುವ ಬೀಟಾ ಕ್ಯಾರೊಟಿನ್ ಎಂಬ ಸತ್ವದ ಮಾತ್ರೆ, ಕೆಲವರಿಗೆ ಸುಮ್ನೆ ಸಪ್ಪೆ ಮಾತ್ರೆ ಕೊಟ್ಟು ನೋಡಿದರು. 1994ರಲ್ಲಿ ಫಲ ಬಂತು. ಬೀಟಾ ಕ್ಯಾರೊಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಜಾಸ್ತಿಯೇ ಆಗಿತ್ತು. ಗಜ್ಜರಿಯ ಒಳಗೆ ಇರುವಾಗ ಒಂದು ರೀತಿ, ಅದೊಂದನ್ನೇ ಮಾತ್ರೆ ಮಾಡಿದಾಗ ಇನ್ನೊಂದು. ಇದು ಮಾತ್ರೆಗೂ ಸರಿ, ಡಬ್ಬಿಯ ಸಾರಕ್ಕೂ ಸರಿ. ಡಿ ವಿಟಮಿನ್ನಿನ 60,000 ಯುನಿಟ್ ಪೊಟ್ಟಣ ವಾರಕ್ಕೊಂದು ಅಂತ ಬರೆದಿರುತ್ತಾರೆ. ದಿನಕ್ಕೊಂದು ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೇ ಕುತ್ತು. ಅಂದ ಹಾಗೆ, ಆ ಡಿ3ಯನ್ನು ಹೆಚ್ಚಾಗಿ ತೆಗೆಯುವುದು ಕುರಿಯ ಉಣ್ಣೆಯ ಜಿಡ್ಡಿನಿಂದ. ನಮ್ಮ ಕಂಬಳಿಯ ವಾಸನೆ ಇದೆಯಲ್ಲ, ಅದೇ ಜಿಡ್ಡು.

ಈಗ ನಿನ್ನ ವಿಷಯ. ನಿನ್ನ ಹಿಮೋಗ್ಲೋಬಿನ್ 9.6 ಅಂತ ನಿಮ್ಮವ್ವ ಹೇಳಿದಳು. 12 ಇರಬೇಕಾದದ್ದು. ಎರಡನೇ ಮಗುವಿನ ಯೋಚನೆಯಲ್ಲಿ ಇದ್ದೀರಿ ಅಂತಲೂ ಹೇಳಿದಳು. ಇದನ್ನು ಅಪ್ಪ ಬರೆಯುವುದು ನಿನಗೆ ಮುಜುಗರ ಆಗಬಹುದು. ಆದರೂ ಬರೆಯುತ್ತೇನೆ, ಇದು ತಡ ಮಾಡುವ ವಿಷಯವಲ್ಲ.

ಸೊಪ್ಪಿನಲ್ಲಿರುವ ಕಬ್ಬಿಣ ಮೈಗೆ ಹತ್ತುವುದು ಸ್ವಲ್ಪವೇ. ಆರೋಗ್ಯವಾಗಿರುವವರಿಗೆ ಅದು ಸಾಕು. 9.6ರಿಂದ ಮೇಲೆ ಬರಲು ಸಾಲದು. ಸರ್ಕಾರ ಬಸುರಿಯರಿಗೆ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ ಇದೆ, 180 ದಿನ ಕೊಡುತ್ತಾರೆ. ಅಷ್ಟನ್ನು ಯಾವ ಪುಡಿಯಿಂದ ತರುತ್ತೀ? ನಿನ್ನ ಡಾಕ್ಟರ್ ಬರೆದದ್ದನ್ನು ಇವತ್ತೇ ಮತ್ತೆ ಶುರು ಮಾಡು. ಹೊಟ್ಟೆ ತೊಳಸಿದರೆ ಅವರಿಗೇ ಹೇಳು, ಬೇರೆ ಬರೆದುಕೊಡುತ್ತಾರೆ. ಮಲ ಕಪ್ಪಾದರೆ ಹೆದರಬೇಡ. ನಿಂಬೆ ಶರಬತ್ತಿನ ಜೊತೆ ತಗೋ, ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಚಹಾ, ಹಾಲು, ಕ್ಯಾಲ್ಸಿಯಂ ಮಾತ್ರೆ ಜೊತೆಗೆ ಬೇಡ. ಎರಡು ತಾಸು ಆಚೆ ಈಚೆ ಇರಲಿ.

ಫೋಲಿಕ್ ಆಮ್ಲದ ಕಥೆ ನಿನಗೆ ಇಷ್ಟವಾಗುತ್ತದೆ. ಲೂಸಿ ವಿಲ್ಸ್ ಅಂತ ಒಬ್ಬ ಇಂಗ್ಲಿಷ್ ಡಾಕ್ಟರಮ್ಮ 1928ರಲ್ಲಿ ಮುಂಬೈಗೆ ಬಂದರು. ಅಲ್ಲಿ ಬಟ್ಟೆ ಗಿರಣಿಯ ಬಡ ಬಸುರಿಯರು ರಕ್ತಹೀನತೆಯಿಂದ ಸಾಯುತ್ತಿದ್ದರು. ಅಗ್ಗದ ಯೀಸ್ಟ್ ಸಾರ ಕೊಟ್ಟರೆ ಅವರು ಚೇತರಿಸಿಕೊಳ್ಳುವುದನ್ನು ಕಂಡುಹಿಡಿದರು. ಅದೇ ಸತ್ವವನ್ನು 1941ರಲ್ಲಿ ಪಾಲಕ್ ಸೊಪ್ಪಿನಿಂದ ತೆಗೆದು ‘ಫೋಲಿಕ್’ ಅಂತ ಹೆಸರಿಟ್ಟರು. ಲ್ಯಾಟಿನ್ನಿನಲ್ಲಿ ‘ಫೋಲಿಯಂ’ ಅಂದರೆ ಎಲೆ. ಹೆಸರು ಎಲೆಯದು. ಆದರೆ ಎಲೆ ಬೇಯಿಸಿದರೆ ಸತ್ವ ಬಹಳ ಹೋಗುತ್ತದೆ, ಮೈಗೆ ಹತ್ತುವುದೂ ಮಾತ್ರೆಯದೇ ಚೆನ್ನಾಗಿ. ಮಗುವಿನ ಬೆನ್ನುಹುರಿ ಮುಚ್ಚಿಕೊಳ್ಳುವುದು ಮೊದಲ ನಾಲ್ಕು ವಾರದಲ್ಲಿ. ಎಷ್ಟೋ ಹೆಂಗಸರಿಗೆ ಆಗ ಬಸುರಿ ಅಂತಲೇ ತಿಳಿದಿರುವುದಿಲ್ಲ. ಅದಕ್ಕೇ ಒಂದು ತಿಂಗಳಾದರೂ ಮೊದಲಿನಿಂದ ದಿನಕ್ಕೆ 400 ಮೈಕ್ರೊಗ್ರಾಂ ತಗೋಬೇಕು ಅನ್ನುತ್ತಾರೆ. ಬೆನ್ನುಹುರಿ ಸರಿಯಾಗಿ ಮುಚ್ಚದ ಮಗು ಮೊದಲೊಮ್ಮೆ ಹುಟ್ಟಿದ್ದ ತಾಯಂದಿರ ಮೇಲೆ ಪರೀಕ್ಷೆ ಮಾಡಿ 1991ರಲ್ಲಿ ಪ್ರಕಟಿಸಿದರು. ದೊಡ್ಡ ಪ್ರಮಾಣದ ಫೋಲಿಕ್ ಮಾತ್ರೆಯಿಂದ ಆ ದೋಷ ಮತ್ತೆ ಬರುವುದು ಸುಮಾರು ಮುಕ್ಕಾಲು ಪಾಲು ತಪ್ಪಿತ್ತು. ಜೊತೆಗೆ ನಿನ್ನ ಬಿ12 ಒಮ್ಮೆ ನೋಡಿಸು. ನೀನೂ ಹಾಲು ಬಿಟ್ಟು ಓಟ್ಸ್ ಹಾಲಿಗೆ ಹೋಗಿದ್ದೀ.

ಮೊಮ್ಮಗಳಿಗೆ ಡಬ್ಬಿ ಬೇಡವೇ ಬೇಡ. ಆಡುವ ಮಗು. ಒಂದು ಪೇರಲ ಹಣ್ಣು ತಿಂದರೆ ಆ ದಿನದ ಸಿ ವಿಟಮಿನ್ ಮುಗಿಯಿತು. ಚಾಕೊಲೇಟಿನಂಥ ವಿಟಮಿನ್ ತಂದು ಕೈಗೆ ಸಿಗುವ ಹಾಗೆ ಇಡಬೇಡ. ನಿನ್ನ ಕಬ್ಬಿಣದ ಮಾತ್ರೆಯನ್ನಂತೂ ಬೀರುವಿನ ಮೇಲಿನ ಖಾನೆಯಲ್ಲಿ ಇಡು. ಮುಷ್ಟಿ ತುಂಬ ತಿಂದರೆ ಮಕ್ಕಳ ಜೀವಕ್ಕೇ ಅಪಾಯ.

ನಮ್ಮ ಓಣಿಯಲ್ಲಿ ನಡೆದದ್ದನ್ನೂ ಹೇಳಿಬಿಡುತ್ತೇನೆ, ಮನಸ್ಸಿಗೆ ಬಹಳ ನೋವಾಗುತ್ತದೆ. ರೇಷನ್ ಅಕ್ಕಿಯಲ್ಲಿ ಕೆಲವು ವರ್ಷ 100 ಕಾಳಿಗೆ 1ರ ಲೆಕ್ಕದಲ್ಲಿ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಮಾಡಿದ ಕಾಳು ಬೆರೆಸುತ್ತಿದ್ದರು. ಮಿಲ್ಲಿನಲ್ಲಿ ಅದು ಬೆರೆಯುವುದನ್ನು ನಾನೇ ಕಂಡಿದ್ದೇನೆ. ಹೆಣ್ಣುಮಕ್ಕಳು ಮೊರ ಹಿಡಿದು ಕೂತು ‘ಪ್ಲಾಸ್ಟಿಕ್ ಅಕ್ಕಿ’ ಅಂತ ಅದನ್ನೇ ಒಂದೊಂದಾಗಿ ಆರಿಸಿ ತಿಪ್ಪೆಗೆ ಎಸೆಯುತ್ತಿದ್ದರು. ಅದೇ ಮನೆಗೆ ತಿಂಗಳಿಗೊಂದು ಪುಡಿ ಡಬ್ಬಿ ಬರುತ್ತಿತ್ತು. ನಾನು ಸಿಕ್ಕವರಿಗೆಲ್ಲ ಹೇಳುತ್ತಿದ್ದೆ. ಇಬ್ಬರು ಎಸೆಯುವುದನ್ನು ನಿಲ್ಲಿಸಿದರು.

ನಮ್ಮಿಬ್ಬರಿಗೆ ಡಬ್ಬಿ ಕಳಿಸಬೇಡ. ನನ್ನ ಬಿ12 ಮಾತ್ರೆ ನಡೆಯುತ್ತಿದೆ. ನಿಮ್ಮವ್ವ ಸಂಡಿಗೆ ಹಾಕುವ ನೆಪದಲ್ಲಿ ಮಾಳಿಗೆ ಮೇಲೆ ಬಿಸಿಲಿಗೆ ಕೂರುತ್ತಾಳೆ, ಡಿ ವಿಟಮಿನ್ ಅಲ್ಲೇ ಸಿಗುತ್ತದೆ. ಶನಿವಾರ ರಾತ್ರಿಯ ಬಸ್ಸಿಗೆ ಒಂದು ಗಂಟು ಹಾಕುತ್ತೇನೆ. ಶೇಂಗಾ ಹಿಂಡಿ ಎರಡು ಕಿಲೋ, ಅಗಸಿ ಹಿಂಡಿ, ಗುರೆಳ್ಳು ಪುಡಿ, ನಲವತ್ತು ಖಡಕ್ ರೊಟ್ಟಿ. ಅಳಿಯಂದಿರನ್ನು ಬೆಳಿಗ್ಗೆ ಬೇಗ ಕಳಿಸು, ಬಿಸಿಲೇರಿದರೆ ಹಿಂಡಿ ಎಣ್ಣೆ ಬಿಡುತ್ತದೆ. ಬಿ12 ರಿಪೋರ್ಟ್ ಬಂದ ದಿನ ನಿಮ್ಮವ್ವನಿಗಲ್ಲ, ನನಗೇ ಫೋನ್ ಮಾಡು.

ಇಂತಿ,
ನಿನ್ನ ಅಪ್ಪ