ಕುಣಿಸುವ ಹಾಡಿನ ಜೊತೆ ಅದನ್ನು ಕಟ್ಟಿದವರ ಹೆಸರೂ ಇರಲಿ

ಮಾನ್ಯ ಸಂಪಾದಕರೇ,

ಮಂಗಳೂರು, ಉಡುಪಿ ಕಡೆಯ ಮೆಹೆಂದಿ, ರೋಸ್ (ಕ್ರೈಸ್ತರ ಮದುವೆಯ ಮುನ್ನಾದಿನದ ಶಾಸ್ತ್ರ), ಆರತಕ್ಷತೆಗಳಲ್ಲಿ ಡಿಜೆ ಈಗ ಸಾಮಾನ್ಯವಾಗಿದೆ. ಅಲ್ಲಿ ಕೇಳಿಬರುವ ಹಾಡುಗಳಲ್ಲಿ ಜೆನ್ನಿಫರ್ ಲೋಪೆಜ್ ಅವರು 2011ರಲ್ಲಿ ಹಾಡಿದ ‘ಆನ್ ದ ಫ್ಲೋರ್’ ಕೂಡ ಒಂದು. ಅದರ ಪರಿಚಿತ ಧಾಟಿ ಸ್ಪೀಕರಿನಲ್ಲಿ ಮೊಳಗಿದ್ದೇ ತಡ, ಐಸ್‌ಕ್ರೀಂ ತಿನ್ನುತ್ತಿದ್ದವರು ಬಟ್ಟಲನ್ನು ಕುರ್ಚಿಯ ಅಡಿಗೆ ಸರಿಸಿ ಎದ್ದು ಬರುವುದನ್ನು ನಾನು ಕಂಡಿದ್ದೇನೆ. ಮೊಮ್ಮಕ್ಕಳೂ ಅಜ್ಜಿಯಂದಿರೂ ಒಟ್ಟಿಗೆ ಹೆಜ್ಜೆ ಹಾಕುವಂತೆ ಮಾಡುವ ಹಾಡುಗಳು ಹೆಚ್ಚಿಲ್ಲವಾದ್ದರಿಂದ ಅದರ ಜನಪ್ರಿಯತೆಯ ಬಗ್ಗೆ ನನಗೆ ಸಂತೋಷವೇ ಇದೆ. ಆದರೆ ನಿರೂಪಕರು ಹಾಡುಗಾರ್ತಿಯ ಹೆಸರನ್ನಷ್ಟೇ ಮೈಕಿನಲ್ಲಿ ಕೂಗುತ್ತಾರೆ. ಆ ಧಾಟಿಯನ್ನು ಕಟ್ಟಿದವರು ಯಾರೆಂಬುದು ಕುಣಿದವರಿಗೂ ಕುಣಿಸಿದವರಿಗೂ ತಿಳಿಯದೆ ಉಳಿಯುತ್ತದೆ. ಈ ಪತ್ರ ಬರೆಯಲು ಅದೇ ಕಾರಣ.

ಆ ಧಾಟಿ ಹುಟ್ಟಿದ್ದು ಬೊಲಿವಿಯಾದಲ್ಲಿ. ‘ಲೋಸ್ ಖಾರ್ಕಾಸ್’ ಎಂಬ ತಂಡದ ಉಲಿಸೆಸ್ ಎರ್ಮೋಸಾ ಮತ್ತು ಗೊನ್ಸಾಲೊ ಎರ್ಮೋಸಾ ಸಹೋದರರು ಅದನ್ನು ಅಗಲಿಕೆಯ ಹಾಡಾಗಿ ರಚಿಸಿದರು. 1981ರಲ್ಲಿ ಅದು ಬೆಟ್ಟದ ಸೀಮೆಯ ಬಿದಿರಿನ ವಾದ್ಯಗಳ ಜೊತೆಗೆ ಧ್ವನಿಮುದ್ರಣಗೊಂಡಿತು. 1986ರಲ್ಲಿ ಬ್ರೆಜಿಲಿನ ಮಾರ್ಸಿಯಾ ಫೆರೇರಾ ಅದನ್ನು ಪೋರ್ಚುಗೀಸಿನಲ್ಲಿ ಹಾಡಿದರು. 1989ರಲ್ಲಿ ಫ್ರಾನ್ಸಿನಲ್ಲಿ ಕಟ್ಟಲಾದ ‘ಕವೋಮಾ’ ತಂಡ ಅದೇ ಧಾಟಿಯನ್ನು ‘ಲಂಬಾಡಾ’ ಎಂಬ ಹೆಸರಿನಲ್ಲಿ ಹೊರತಂದಾಗ, ಬ್ರೆಜಿಲಿನ ಗಾಯಕಿ ಲೋಆಲ್ವಾ ಬ್ರಾಸ್ ಅವರ ಕಂಠದಲ್ಲಿ ಅದು ಯುರೋಪಿನ ಹಲವು ದೇಶಗಳಲ್ಲಿ ಮೊದಲ ಸ್ಥಾನಕ್ಕೇರಿ, ಅಲ್ಲಿಂದ ಜಗತ್ತನ್ನೆಲ್ಲ ಸುತ್ತಿ, ನಮ್ಮ ಊರಿನ ಕ್ಯಾಸೆಟ್ ಅಂಗಡಿಗಳಿಗೂ ಬಂತು. ಆ ಕಾಲದಲ್ಲಿ ಕಾಲೇಜಿನಲ್ಲಿದ್ದವರು ಇದನ್ನು ಮರೆತಿರಲಾರರು.

ಬೇಸರದ ಸಂಗತಿಯೆಂದರೆ, ಆ ಗೆಲುವಿನ ಹೊತ್ತಿಗೆ ಎರ್ಮೋಸಾ ಸಹೋದರರ ಹೆಸರು ಧ್ವನಿಮುದ್ರಿಕೆಯ ಮೇಲೆ ಇರಲೇ ಇಲ್ಲ. ಕರ್ತೃವಿನ ಜಾಗದಲ್ಲಿ ‘ಚಿಕೊ ದೆ ಒಲಿವೇರಾ’ ಎಂದು ನಮೂದಾಗಿತ್ತು; ಅದು ಹಾಡನ್ನು ಹೊರತಂದ ಫ್ರೆಂಚ್ ನಿರ್ಮಾಪಕರು ಇಟ್ಟುಕೊಂಡ ಸುಳ್ಳು ಹೆಸರು. ಬೊಲಿವಿಯಾದ ಸಹೋದರರು ಕಾನೂನಿನ ಮೊರೆಹೋಗಿ ಹೋರಾಡಿದ ಮೇಲೆಯೇ ಅವರ ಕರ್ತೃತ್ವಕ್ಕೆ ಮಾನ್ಯತೆಯೂ ಪರಿಹಾರವೂ ದೊರೆತವು. ಮುಂದೆ 2011ರಲ್ಲಿ ‘ಆನ್ ದ ಫ್ಲೋರ್’ ಆ ಧಾಟಿಯನ್ನು ಬಳಸಿದಾಗ ಗೀತರಚನೆಕಾರರ ಪಟ್ಟಿಯಲ್ಲಿ ಇಬ್ಬರ ಹೆಸರೂ ಸೇರಿತು. ಹೆಸರು ದಾಖಲೆಗೆ ಬಂದಿದೆ. ಅದನ್ನು ಓದಿ ಹೇಳುವವರು ಮಾತ್ರ ನಮ್ಮಲ್ಲಿ ಸಿಗುತ್ತಿಲ್ಲ.

ದೂರದ ಬೊಲಿವಿಯಾದ ಚಿಂತೆ ನಮಗೇಕೆ ಎಂದು ಕೇಳುವವರು ಇದ್ದಾರು. ಅವರು ನಮ್ಮ ಜಿಲ್ಲೆಗಳನ್ನೇ ನೋಡಲಿ. ನೇಜಿ (ಭತ್ತದ ಸಸಿ) ನೆಡುವ ಗದ್ದೆಯಲ್ಲಿ ಹೆಂಗಸರು ಹಾಡುತ್ತ ಬಂದ ಓಬೇಲೆ ಹಾಡುಗಳು, ‘ಡೆನ್ನ ಡೆನ್ನಾನ’ ಎಂಬ ಸೊಲ್ಲಿನ ಪಾಡ್ದನಗಳೆಂಬ ತುಳು ಕಥನಗೀತೆಗಳು, ಪಿಲಿವೇಷದ (ಹುಲಿವೇಷದ) ತಾಸೆ ಎಂಬ ಚರ್ಮವಾದ್ಯದ ಪೆಟ್ಟು ಎಲ್ಲವೂ ಈಗ ಡಿಜೆ ಮಿಕ್ಸ್‌ಗಳಲ್ಲಿ ಕೇಳಿಸುತ್ತಿವೆ. ಇದು ತಪ್ಪೆಂದು ನಾನು ಹೇಳಲಾರೆ. ಗದ್ದೆಗಳೇ ಕಡಿಮೆಯಾಗುತ್ತಿರುವಾಗ ಆ ಹಾಡುಗಳು ಎಳೆಯರ ಕಿವಿಗೆ ಬೀಳುವುದು ಈ ದಾರಿಯಿಂದಲೇ. ಆದರೆ ಇಂಥ ಹಾಡಿನ ಕೆಳಗೆ ‘ಸಾಹಿತ್ಯ: ಜನಪದ’ ಎಂದಷ್ಟೇ ಬರೆದು ಮುಗಿಸುವ ರೂಢಿ ಬೆಳೆದಿದೆ. ಜನಪದದ ಮೂಲ ಕರ್ತೃ ಯಾರೆಂದು ಹೇಳಲಾಗದು, ನಿಜ. ಹಾಗಿದ್ದರೂ ಆ ಹಾಡನ್ನು ನೆನಪಿನಿಂದ ಹಾಡಿ ಕೊಟ್ಟ ಅಕ್ಕನವರು ಯಾರು, ಯಾವ ಊರಿನವರು, ತಾಸೆ ಬಾರಿಸಿದವರು ಯಾರು ಎಂಬುದು ರೆಕಾರ್ಡ್ ಮಾಡಿಕೊಂಡವರಿಗೆ ಗೊತ್ತೇ ಇರುತ್ತದಲ್ಲವೇ? ಅದನ್ನು ಬರೆಯದೆ ಬಿಡುವುದು ಅನ್ಯಾಯ.

ಕಾನೂನಿನ ವಿಷಯ ಎತ್ತಿದರೆ ಆಯೋಜಕರು ರಾಯಧನ ಕಟ್ಟಬೇಕಾದೀತೆಂಬ ಭಯಕ್ಕೆ ಬೀಳುತ್ತಾರೆ. ಮದುವೆಯ ಮೆರವಣಿಗೆ ಮತ್ತು ಮದುವೆಗೆ ಸಂಬಂಧಿಸಿದ ಸಮಾರಂಭಗಳಲ್ಲಿ ಹಾಡು ನುಡಿಸುವುದಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ವಿನಾಯಿತಿ ನೀಡಿದೆ. ಅದೇ ಕಾಯ್ದೆಯ 57ನೇ ಕಲಮಿನ ಪ್ರಕಾರ, ಹಕ್ಕನ್ನು ಬೇರೆಯವರಿಗೆ ಬರೆದುಕೊಟ್ಟ ಮೇಲೂ ‘ಈ ಕೃತಿ ನನ್ನದು’ ಎಂದು ಹೇಳಿಕೊಳ್ಳುವ ಅಧಿಕಾರ ಕರ್ತೃವಿಗೆ ಉಳಿದಿರುತ್ತದೆ. 2012ರ ತಿದ್ದುಪಡಿಯು ಸಿನಿಮಾ ಹಾಡುಗಳ ಸಾಹಿತಿ ಮತ್ತು ಸಂಗೀತಗಾರರಿಗೆ ರಾಯಧನದ ಪಾಲನ್ನೂ ಭದ್ರಪಡಿಸಿತು. ಮೆಹೆಂದಿಯ ಮನೆಯವರು ಹಣ ಕೊಡಬೇಕೆಂದು ನಾನು ಕೇಳುತ್ತಿಲ್ಲ, ನಿರೂಪಕರ ಒಂದು ವಾಕ್ಯವನ್ನಷ್ಟೇ ಕೇಳುತ್ತಿದ್ದೇನೆ.

ಅದಕ್ಕೆ ಹೆಚ್ಚಿನ ಸಿದ್ಧತೆಯೂ ಬೇಕಿಲ್ಲ. ಡಿಜೆಯವರ ಲ್ಯಾಪ್‌ಟಾಪಿನಲ್ಲಿ ಹಾಡುಗಳ ಸಾಲು ಮೊದಲೇ ತಯಾರಾಗಿರುತ್ತದೆ. ಆ ಸಾಲಿನ ಪಕ್ಕದಲ್ಲಿ ರಚಿಸಿದವರ ಹೆಸರನ್ನು ಬರೆದಿಟ್ಟು ನಿರೂಪಕರ ಕೈಗೆ ಕೊಟ್ಟರೆ ಸಾಕು. ರಸಮಂಜರಿ ನಡೆಸುವ ಯುವಕ ಮಂಡಲಗಳೂ ನೃತ್ಯ ಸ್ಪರ್ಧೆ ಏರ್ಪಡಿಸುವ ಕಾಲೇಜುಗಳೂ ಪ್ರವೇಶ ಪತ್ರದಲ್ಲಿ ತಂಡದ ಹೆಸರಿನ ಕೆಳಗೆ ಹಾಡಿನ ಸಾಹಿತ್ಯ ಮತ್ತು ಸಂಗೀತ ಯಾರದೆಂದು ತುಂಬಿಸಲು ಒಂದು ಗೆರೆ ಬಿಡಬಹುದು. ಹುಡುಗರು ಹುಡುಕಿಯೇ ಹುಡುಕುತ್ತಾರೆ, ನಮ್ಮ ಮಕ್ಕಳ ಮೇಲೆ ನನಗೆ ಆ ನಂಬಿಕೆಯಿದೆ.

ತಮ್ಮಲ್ಲಿಯೂ ಒಂದು ವಿನಂತಿ. ಜನಪ್ರಿಯವಾದ ಯಾವುದೇ ತುಳು, ಕನ್ನಡ, ಕೊಂಕಣಿ ಹಾಡಿನ ಬಗ್ಗೆ ಪತ್ರಿಕೆಯಲ್ಲಿ ಬರೆಯುವಾಗ, ಎಷ್ಟು ಲಕ್ಷ ಜನ ನೋಡಿದರು ಎಂಬ ಲೆಕ್ಕದ ಜೊತೆಗೆ ಸಾಹಿತ್ಯ, ಸಂಗೀತ, ವಾದ್ಯ, ಗಾಯನ ಯಾರದೆಂಬ ವಿವರವನ್ನೂ ತಪ್ಪದೆ ಪ್ರಕಟಿಸಬೇಕು. ಹಳೆಯ ಧಾಟಿಯನ್ನು ಆಧರಿಸಿದ ಹಾಡಾದರೆ, ಅದು ಯಾರಿಂದ ಬಂತು ಎಂಬುದನ್ನು ತಮ್ಮ ವರದಿಗಾರರು ಕೇಳಿ ಬರೆಯಬೇಕು.

ಇತಿ,
ಓರ್ವ ಓದುಗ
ಉರ್ವ, ಮಂಗಳೂರು